ಲಾಡಿ, ಲಡಿ

ಶಪಥ ಮಾಡಿದ್ದೆ,
ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆದೂ ಇಟ್ಟಿದ್ದೆ:
ಕಡ್ಡಿಯ ಮೇಲಿರುವುದು ಇಳಿಯುವ ತನಕ
ಹೊಸ ನೂಲು ಹೊಸ್ತಿಲು ದಾಟಕೂಡದು.

ಇವತ್ತು ಚೌಕಿಪೇಟೆಗೆ
ಲಂಗದ ಲಾಡಿ ತರಲು ಹೋದವಳು
ಲಡಿ ತಂದಿದ್ದೇನೆ.

ಬಣ್ಣ ಹೇಳುವುದು ಕಷ್ಟ.
ಅಂಗಡಿಯವನು ಮೆಂತ್ಯ ಅಂದ. ಅಲ್ಲ.
ಹಳದಿಯೂ ಅಲ್ಲ, ಹಸಿರೂ ಅಲ್ಲ,
ಉದುರಿ ಎರಡು ದಿನವಾದ ನುಗ್ಗೆಹೂವಿನ
ತೊಟ್ಟು ನೋಡಿದ್ದೀರಾ,
ಅದರ ಆಸುಪಾಸು ಎಲ್ಲೋ.
ಟ್ಯೂಬ್‌ಲೈಟಿನ ಕೆಳಗೆ ಒಂದು,
ಕಿಟಕಿಗೆ ಹಿಡಿದರೆ ಇನ್ನೊಂದು.
ಕೆನ್ನೆಗೆ ಒತ್ತಿದೆ, ಚುಚ್ಚಲಿಲ್ಲ.
ಮೂಸಿದೆ: ಗೋದಾಮು, ನುಸಿಗುಳಿಗೆ,
ಆಮೇಲೆ, ಬಹಳ ದೂರದಲ್ಲಿ, ಒಂದು ಕುರಿ.

ಮನೆಯಲ್ಲಿರುವುದನ್ನು ಹೇಳಿಬಿಡುತ್ತೇನೆ.
ಬಿಸ್ಕತ್ತಿನ ಡಬ್ಬಿಯಲ್ಲಿ ಒಂಟಿ ಕಾಲುಚೀಲ,
ಹಿಮ್ಮಡಿ ತಿರುಗಿಸುವ ಲೆಕ್ಕ ಮರೆತು
ಮಗ್ಗುಲಾಗಿ ಮಲಗಿದೆ.
ಇವರ ಸ್ವೆಟರಿಗೆ ಒಂದೇ ತೋಳು.
'ನಮ್ಮೂರಿಗೆ ಅಷ್ಟು ಸಾಕು ಬಿಡೇ' ಅನ್ನುತ್ತಾರೆ,
ದಾವಣಗೆರೆಯ ಚಳಿ ಹನ್ನೆರಡು ದಿನ,
ಅದೂ ಹಾಲಿನವನು ಬರುವ ಹೊತ್ತಿಗೆ ಮಾತ್ರ.
ಶಫೀಕಾಳ ಬಾಣಂತನಕ್ಕೆಂದು ಶುರುಮಾಡಿದ ಟೋಪಿ,
ನೆತ್ತಿಯ ಹತ್ತು ಸುತ್ತು ಬಾಕಿ.
ಮಂಡಕ್ಕಿ ಚೀಲದ ತುಂಬ ಕರಿ ತುಪ್ಪಟ,
ಮೇಲೆ ಕದಿರು, ಅದಕ್ಕೆ ಜೋತುಬಿದ್ದ
ನನ್ನ ಮೊಳದುದ್ದದ ಸಾಹಸ:
ಒಂದು ಕಡೆ ಹಗ್ಗ, ಒಂದು ಕಡೆ ಕೂದಲು.

ಕದಿರು ಅತ್ತೆಯದು, ಚಳ್ಳಕೆರೆಯ ತವರಿನದು.
ತೊಡೆಗೆ ಉಜ್ಜಿ ಬಿಟ್ಟರೆ
ಅವರ ಬೆರಳಿನಿಂದ ನೂಲು
ಸುಳ್ಳು ಹೇಳುವವರ ಮಾತಿನಂತೆ
ತಡೆಯಿಲ್ಲದೆ ಇಳಿಯುತ್ತಿತ್ತು,
ಒಲೆಯ ಮೇಲಿನ ಹಾಲೂ ಉಕ್ಕುತ್ತಿರಲಿಲ್ಲ.
ಈಗ ಹೆಬ್ಬೆರಳು ಮಡಚುವುದಿಲ್ಲ.
ಕೂತಲ್ಲಿಂದಲೇ ನನಗೆ ಬೈಯುತ್ತಾರೆ:
'ಹಿಡಿಬ್ಯಾಡ, ಬಿಡು. ಬಿಡಾದು ಕಲಿ.'

ಅವರಿಗೆ ಕಾಣದಂತೆ
ಲಡಿಯನ್ನು ಟವೆಲಿನಡಿ ಸೇರಿಸುತ್ತಿದ್ದೆ.
'ಏನದು?'
ಕೊಟ್ಟೆ.
ಕನ್ನಡಕ ಹಾಕಲಿಲ್ಲ. ತುದಿ ಹುಡುಕಿ,
ಎರಡು ಬೆರಳಲ್ಲಿ ಹಿಂದಕ್ಕೆ ಹೊಸೆದು
ಎಳೆ ಬಿಚ್ಚಿ ಎಣಿಸಿದರು.
'ನಾಕು ಎಳಿ. ಹುರಿ ಸಡ್ಲ. ಮಿಶನ್ನಿಂದು.'
ತೀರ್ಪು ಆಯಿತು. ಕೈ ಚಾಚಿದೆ.
ವಾಪಸು ಕೊಡಲಿಲ್ಲ.

ಉಂಡೆ ಸುತ್ತಲು ಎರಡು ಕೈ ಬೇಕಿತ್ತು.
ಗೋಡೆಯಾಚೆಗೆ ಕೂಗಿದೆ, ತೌಸೀಫ್ ಬಂದ,
ಇದೇ ಟೋಪಿಯ ವಾರಸುದಾರ,
ಮೊನ್ನೆ ಎಲ್‌ಕೆಜಿಗೆ ಸೇರಿದವನು.
ಪೊಲೀಸಿಗೆ ಸಿಕ್ಕವನಂತೆ ಮುಂಗೈ ಮುಂದೆ ಮಾಡಿ ಕೂತ.
ಲಡಿ ಹಾಕಿದೆ. ನಾನು ಎಳೆದಂತೆ
ಅವನು ಎಡಕ್ಕೆ ಬಲಕ್ಕೆ ವಾಲಿದ,
ಬಸ್ಸು ಓಡಿಸಿದ, ಹರಿಹರದ ಸೇತುವೆ ದಾಟಿದ,
ಹಾರ್ನ್ ಹೊಡೆದ,
ಎರಡು ಸಲ ಗಂಟು ಬಿತ್ತು.
ಬಿಡಿಸಲು ಕೂತಾಗ ಅವನ ಕೈಗೆ
ಟೋಪಿ ಸಿಕ್ಕಿತು, ಕಡ್ಡಿ ಸಮೇತ.

ಇದು ಯಾರದು? ನಿನ್ನದೇ ಕಣೋ.
ತಲೆಗಿಟ್ಟು ನೋಡಿದ, ಕೂರಲಿಲ್ಲ.
ಕಡ್ಡಿ ಎಳೆದು ನನಗೆ ಕೊಟ್ಟು
(ಐವತ್ತಾರು ಕುಣಿಕೆ ಬಾಯಿಬಿಟ್ಟವು,
ನನ್ನ ಉಸಿರೂ)
ಮೊಣಕಾಲಿಗೆ ತೊಡಿಸಿಕೊಂಡ.
ಸರಿಯಾಗಿ ಕೂತಿತು.
ನೆತ್ತಿಯ ತೂತಿನಿಂದ
ಮೊನ್ನೆ ಸೈಕಲ್ಲಿನಿಂದ ಬಿದ್ದ ಗಾಯದ ಹೊಪ್ಪಳೆ
ಇಣುಕಿತು.
'ಇನ್ನೊಂದು?' ಎಂದ, ಇನ್ನೊಂದು ಮೊಣಕಾಲು ತೋರಿಸಿ.

ಅತ್ತೆ ನಕ್ಕರು ನೋಡಿ,
ಹಲ್ಲಿಲ್ಲದ ಆ ನಗೆ, ಕೆಮ್ಮಾಗುವ ತನಕ.

ಈಗ ರಾತ್ರಿ ಹತ್ತು. ಇವರು ಮಲಗಿದ್ದಾರೆ.
ಎರಡನೇ ತೋಳಿಗೆ ಕುಣಿಕೆ ಹಾಕುತ್ತಿದ್ದೇನೆ,
ಎರಡು ಸೀದಾ, ಎರಡು ಉಲ್ಟಾ,
ಆದರೆ ಕಣ್ಣು ಅಲ್ಲೇ,
ಅತ್ತೆಯ ಮಡಿಲಲ್ಲಿ ಮಲಗಿರುವ ಉಂಡೆಯ ಮೇಲೆ.
ಅವರೂ ಅದನ್ನೇ ನೋಡುತ್ತಿದ್ದಾರೆ,
ಹೆಬ್ಬೆರಳಿನಿಂದ ಒತ್ತುತ್ತ, ಬಿಡುತ್ತ.

'ಏನ್ ಮಾಡ್ತೀಯೇ ಇದ್ರಾಗೆ?'
ಗೊತ್ತಿಲ್ಲ ಅತ್ತೆ.
'ಹಂಗಾರೆ ಇಲ್ಲೇ ಇರ್ಲಿ ಬಿಡು,
ಒಂದೀಟೊತ್ತು.'